ಓದುಗರ ಪ್ರಶ್ನೆ: ಎಚ್‌ಐವಿ ಬಾರದಂತೆ ತಡೆಯುವ ಮಾತ್ರೆ

ಪ್ರೆಪ್ ಮಾತ್ರೆಯ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ. ಬರೆದವರ ಹೆಸರು ಬಿಟ್ಟಿದ್ದೇವೆ. ಕಳೆದ ಮೂರು ದಿನಗಳೊಳಗೆ ಕಾಂಡೋಮ್ ಹರಿದಿದ್ದರೆ ಅಥವಾ ಕಾಂಡೋಮ್ ಇಲ್ಲದೆ ಸಂಪರ್ಕ ಆಗಿದ್ದರೆ ಉಳಿದದ್ದನ್ನು ಆಮೇಲೆ ಓದಿ, ಮೊದಲು ಎರಡನೇ ಪ್ರಶ್ನೆಗೆ ಹೋಗಿ.

ನನಗೆ 23 ವರ್ಷ, ಬೆಂಗಳೂರಿನಲ್ಲಿ ಕೆಲಸ. ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದ ಗಂಡಸರ ಜೊತೆ ಸಂಪರ್ಕ ಇದೆ. ಕಾಂಡೋಮ್ ಒಮ್ಮೊಮ್ಮೆ ತಪ್ಪಿಹೋಗುತ್ತದೆ. ‘ಪ್ರೆಪ್ ತಗೋ, ಮೆಡಿಕಲ್‌ನಲ್ಲಿ ಸಿಗುತ್ತೆ’ ಅಂದ ಗೆಳೆಯ. ನೇರವಾಗಿ ತಂದು ಶುರು ಮಾಡಬಹುದಾ? ಅದು ಏಡ್ಸ್ ರೋಗಿಗಳ ಮಾತ್ರೆ ಅಲ್ವಾ?

ಪ್ರೆಪ್ ಎಚ್‌ಐವಿ ಇಲ್ಲದವರಿಗಾಗಿ ಇರುವ ಮಾತ್ರೆ. ಸೋಂಕು ತಗಲುವ ಸಾಧ್ಯತೆ ಇರುವ ದಿನಗಳಲ್ಲಿ ಅದನ್ನು ಮುಂಚೆಯೇ ನುಂಗುತ್ತಾ ಬಂದರೆ ವೈರಸ್ ಮೈಗೆ ಹೊಕ್ಕರೂ ಬೇರೂರುವುದಿಲ್ಲ. ಒಂದು ಮಾತ್ರೆಯಲ್ಲಿ ಎರಡು ಔಷಧ ಇರುತ್ತವೆ: ಟೆನೋಫೋವಿರ್ ಡೈಸೊಪ್ರಾಕ್ಸಿಲ್ 300 ಮಿಲಿಗ್ರಾಂ, ಎಮ್‌ಟ್ರಿಸಿಟಾಬಿನ್ 200 ಮಿಲಿಗ್ರಾಂ. ದಿನಕ್ಕೆ ಒಂದು. ಇವೇ ಔಷಧಗಳನ್ನು ಇನ್ನೊಂದರ ಜೊತೆ ಸೇರಿಸಿ ಸೋಂಕಿತರ ಚಿಕಿತ್ಸೆಗೂ ಕೊಡುತ್ತಾರೆ, ‘ಏಡ್ಸ್ ಮಾತ್ರೆ’ ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಅಮೆರಿಕದಲ್ಲಿ 2012ರಲ್ಲಿ, ಭಾರತದಲ್ಲಿ 2016ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. 2022ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ನಮ್ಮ ದೇಶದ ಮಾರ್ಗಸೂಚಿಯನ್ನೂ ಹೊರಡಿಸಿದೆ. ತಪ್ಪದೆ ತೆಗೆದುಕೊಂಡರೆ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ತಗಲುವ ಅಪಾಯ ಸುಮಾರು 99 ಶೇಕಡ ಕಡಿಮೆಯಾಗುತ್ತದೆ.

ನೇರವಾಗಿ ತಂದು ಶುರು ಮಾಡಬೇಡಿ. ನಿಮಗೆ ಗೊತ್ತಿಲ್ಲದೆ ಈಗಾಗಲೇ ಸೋಂಕು ತಗಲಿದ್ದರೆ ಅದನ್ನು ಅಡಗಿಸಲು ಈ ಎರಡು ಔಷಧ ಸಾಲವು, ಮೂರು ಬೇಕು. ಅರೆಬರೆ ಔಷಧದ ನಡುವೆ ಬೆಳೆಯುವ ವೈರಸ್ ಅದಕ್ಕೆ ಜಗ್ಗದಂತೆ ಮಾರ್ಪಡುತ್ತದೆ. ಮುಂದೆ ಚಿಕಿತ್ಸೆ ಬೇಕಾದಾಗ ಸರ್ಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಲ್ಲಿ ಎಲ್ಲರಿಗೂ ಮೊದಲು ಕೊಡುವ ಮಾತ್ರೆಯ ಬಲವೇ ಕುಂದಿರುತ್ತದೆ. ಅದಕ್ಕೇ ಮೊದಲು ಎಚ್‌ಐವಿ ಪರೀಕ್ಷೆ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಇದು ಉಚಿತ. ಫಲಿತಾಂಶ ನೆಗೆಟಿವ್ ಬಂದರೂ ಇನ್ನೊಂದು ಮಾತನ್ನು ನೀವೇ ಬಾಯಿಬಿಟ್ಟು ಹೇಳಬೇಕು: ಕಳೆದ ನಾಲ್ಕಾರು ವಾರಗಳಲ್ಲಿ ಕಾಂಡೋಮ್ ಇಲ್ಲದ ಸಂಪರ್ಕ ಆಗಿ, ಆಮೇಲೆ ಜ್ವರ, ಗಂಟಲು ನೋವು, ಮೈಮೇಲೆ ದದ್ದು, ಕುತ್ತಿಗೆಯಲ್ಲಿ ಗಡ್ಡೆ ಕಾಣಿಸಿತ್ತೇ? ಹೊಸ ಸೋಂಕು ಹೀಗೆ ವೈರಲ್ ಜ್ವರದ ಹಾಗೆ ಬಂದು ಹೋಗುತ್ತದೆ. ಆಗ ಪರೀಕ್ಷೆ ಇನ್ನೂ ನೆಗೆಟಿವ್ ತೋರಿಸಬಹುದು. ಅಂಥವರಿಗೆ ವೈದ್ಯರು ಕೆಲವು ವಾರ ಕಾದು ಮತ್ತೆ ಪರೀಕ್ಷಿಸಿಯೇ ಪ್ರೆಪ್ ಕೊಡುತ್ತಾರೆ.

ಅದರ ಜೊತೆಗೆ ರಕ್ತದಲ್ಲಿ ಕ್ರಿಯಾಟಿನಿನ್, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಸಿಫಿಲಿಸ್ ನೋಡಿಸಿ. ಟೆನೋಫೋವಿರ್ ಕಿಡ್ನಿಯ ಮೂಲಕ ಹೊರಹೋಗುವ ಔಷಧ, ಹಾಗಾಗಿ ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ತಿಳಿಯಲು ಈ ಕ್ರಿಯಾಟಿನಿನ್ ಲೆಕ್ಕ. 140ರಿಂದ ವಯಸ್ಸು ಕಳೆದು, ತೂಕದಿಂದ ಗುಣಿಸಿ, 72 ಮತ್ತು ಕ್ರಿಯಾಟಿನಿನ್‌ನ ಗುಣಲಬ್ಧದಿಂದ ಭಾಗಿಸುತ್ತಾರೆ. ನಿಮ್ಮ ತೂಕ 58 ಕಿಲೋ, ಕ್ರಿಯಾಟಿನಿನ್ 0.9 ಎಂದುಕೊಂಡರೆ 105ರಷ್ಟು ಬರುತ್ತದೆ. ಹೆಂಗಸರಿಗಾದರೆ ಬಂದ ಸಂಖ್ಯೆಯನ್ನು 0.85ರಿಂದ ಗುಣಿಸಬೇಕು. 60ಕ್ಕಿಂತ ಕೆಳಗಿದ್ದರೆ ಈ ಮಾತ್ರೆ ಬೇಡ. ಹೆಪಟೈಟಿಸ್ ಬಿ ನೋಡುವ ಕಾರಣ ಬೇರೆ. ಈ ಔಷಧಗಳು ಆ ವೈರಸ್ಸನ್ನೂ ಅಡಗಿಸಿಡುತ್ತವೆ. ಬಿ ಇರುವವರು ಒಂದು ದಿನ ಮನಸ್ಸಿಗೆ ಬಂದಂತೆ ಮಾತ್ರೆ ನಿಲ್ಲಿಸಿದರೆ ಅದು ಕೆರಳಿ ಲಿವರ್‌ಗೆ ಪೆಟ್ಟು ಕೊಡಬಹುದು. ಬಿ ಇಲ್ಲದಿದ್ದರೆ ಅದರ ಲಸಿಕೆ ಹಾಕಿಸಿಕೊಳ್ಳಿ: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ.

ಮೆಡಿಕಲ್ ಸ್ಟೋರ್‌ನಲ್ಲಿ ಡಬ್ಬಿಯನ್ನು ತಿರುಗಿಸಿ ಸಣ್ಣ ಅಕ್ಷರ ಓದಿ. ಒಂದೇ ಕಂಪನಿಯ ಒಂದೇ ಹೆಸರಿನ ಕೊನೆಯಲ್ಲಿ ಒಂದೆರಡು ಅಕ್ಷರ ಬದಲಾದರೆ ಒಳಗಿನ ಔಷಧವೇ ಬದಲಾಗುತ್ತದೆ: ಒಂದರಲ್ಲಿ ಬರೀ ಟೆನೋಫೋವಿರ್, ಇನ್ನೊಂದರಲ್ಲಿ ಎರಡು ಔಷಧ, ಮತ್ತೊಂದರಲ್ಲಿ ಎಫಾವಿರೆಂಜ್ ಅಥವಾ ಡೊಲುಟೆಗ್ರಾವಿರ್ ಸೇರಿದ ಮೂರು. ‘ಅದೇ ಇದು, ತಗೊಳ್ಳಿ’ ಎಂದು ಕೊಟ್ಟರೆ ಒಪ್ಪಬೇಡಿ. ಎಆರ್‌ಟಿ ತೆಗೆದುಕೊಳ್ಳುವ ಗೆಳೆಯನ ಡಬ್ಬಿಯಿಂದ ಸಾಲ ಪಡೆಯುವುದಂತೂ ಕೂಡದು. ನಿಮಗೆ ಅದು ಸರಿಯಾದ ಮಾತ್ರೆಯಲ್ಲ, ಅವನಿಗೆ ಒಂದು ದಿನದ ಚಿಕಿತ್ಸೆ ತಪ್ಪುತ್ತದೆ.

ಶುರು ಮಾಡಿದ ಒಂದು ತಿಂಗಳಿಗೆ ಮತ್ತೆ ಎಚ್‌ಐವಿ ಪರೀಕ್ಷೆ, ಆಮೇಲೆ ಪ್ರತಿ 3 ತಿಂಗಳಿಗೊಮ್ಮೆ. ಸಿಫಿಲಿಸ್, ಗೊನೋರಿಯಾ, ಕ್ಲಮೈಡಿಯಾಗಳನ್ನು ಪ್ರೆಪ್ ತಡೆಯುವುದಿಲ್ಲ. ಅವಕ್ಕೆ ಇಂದಿಗೂ ಕಾಂಡೋಮೇ ಗತಿ.

ನಾಲ್ಕು ದಿನದ ಹಿಂದೆ ಕಾಂಡೋಮ್ ಹರಿಯಿತು. ಮಾರನೇ ದಿನ ಪ್ರೆಪ್ ಡಬ್ಬಿ ತರಿಸಿ ಎರಡು ಮಾತ್ರೆ ನುಂಗಿದೆ. ಇನ್ನು ಭಯ ಇಲ್ಲ ತಾನೆ? (ದಾವಣಗೆರೆ)

ಹೀಗೆ ಬರೆದವರು ನೀವೊಬ್ಬರೇ ಅಲ್ಲ. ಪ್ರೆಪ್ ಮತ್ತು ಪೆಪ್ ಕೇಳಲು ಒಂದೇ ತರಹ ಇದ್ದರೂ ಬೇರೆ ಬೇರೆ. ಪ್ರೆಪ್ ಸಂಪರ್ಕಕ್ಕೆ ಮೊದಲು, ಪೆಪ್ ಸಂಪರ್ಕವಾದ ಮೇಲೆ. ಪೆಪ್‌ನಲ್ಲಿ ಮೂರು ಔಷಧ ಇರುತ್ತವೆ: ಟೆನೋಫೋವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಸೇರಿ ಒಂದೇ ಮಾತ್ರೆ, ದಿನಕ್ಕೊಂದರಂತೆ 28 ದಿನ. ಎರಡು ಗಂಟೆಯೊಳಗೆ ಶುರುವಾದರೆ ಬಹಳ ಒಳ್ಳೆಯದು. 72 ಗಂಟೆ ದಾಟಿದರೆ ಕೊಡುವುದಿಲ್ಲ, ಅಷ್ಟರಲ್ಲಿ ವೈರಸ್ ದುಗ್ಧಗ್ರಂಥಿಗಳಲ್ಲಿ ನೆಲೆಯೂರಿರುತ್ತದೆ.

ನಿಮಗೆ ಆ ಗಡುವು ಮೀರಿದೆ. ನುಂಗಿದ ಎರಡು ಮಾತ್ರೆಯನ್ನು ರಕ್ಷಣೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ, ಡಬ್ಬಿಯನ್ನು ನೀವಾಗಿಯೇ ಮುಂದುವರಿಸಲೂ ಬೇಡಿ. ನಾಳೆಯೇ ಐಸಿಟಿಸಿಗೆ ಹೋಗಿ ಒಂದು ಪರೀಕ್ಷೆ ಮಾಡಿಸಿ. ಅದು ಇವತ್ತಿನವರೆಗಿನ ಸ್ಥಿತಿ ತಿಳಿಯುವುದಕ್ಕೆ ಮಾತ್ರ, ನಾಲ್ಕು ದಿನದ ಹಿಂದಿನ ಘಟನೆ ಅದರಲ್ಲಿ ಕಾಣುವುದಿಲ್ಲ. ಮತ್ತೆ 6 ವಾರಕ್ಕೆ, 3 ತಿಂಗಳಿಗೆ. ನಡುವೆ ಎಲ್ಲ ಸಂಪರ್ಕಕ್ಕೂ ಕಾಂಡೋಮ್ ಬಳಸಿ, ರಕ್ತದಾನ ಮಾಡಬೇಡಿ. ಜ್ವರ, ದದ್ದು ಬಂದರೆ ಮೂರು ತಿಂಗಳು ಕಾಯದೆ ಹೋಗಿ, ಎರಡು ಮಾತ್ರೆ ನುಂಗಿದ್ದನ್ನೂ ಹೇಳಿ. ಒಂದು ಸಲದ ಸಂಪರ್ಕದಿಂದ ಸೋಂಕು ತಗಲುವ ಸಾಧ್ಯತೆ ಕಡಿಮೆಯೇ. ಊಟ ನಿದ್ದೆ ಬಿಡಬೇಡಿ.

72 ಗಂಟೆಯೊಳಗೆ ಇರುವವರಿಗೆ: ಜಿಲ್ಲಾಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಈಗಲೇ ಹೋಗಿ, ರಾತ್ರಿಯಾದರೂ ಸರಿ. ‘ಪೆಪ್ ಬೇಕು’ ಎಂದು ಆ ಪದವನ್ನೇ ಹೇಳಿ. ಸರ್ಕಾರಿ ದಾಸ್ತಾನು ಮುಖ್ಯವಾಗಿ ಸೂಜಿ ಚುಚ್ಚಿಕೊಂಡ ಸಿಬ್ಬಂದಿಗೆ ಮತ್ತು ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಎಂದು ಇಟ್ಟಿರುತ್ತಾರೆ. ನಿಮಗೆ ಅಲ್ಲಿ ಸಿಗದಿದ್ದರೆ ಚೀಟಿ ಬರೆಸಿಕೊಂಡು ಹೊರಗೆ ಕೊಳ್ಳಿ, ವಾದ ಮಾಡುತ್ತಾ ಗಂಟೆ ಕಳೆಯಬೇಡಿ. ಪದೇ ಪದೇ ಪೆಪ್ ಬೇಕಾಗುತ್ತಿದ್ದರೆ ನಿಮಗೆ ಪ್ರೆಪ್ ಬೇಕು ಎಂದರ್ಥ. 28ನೇ ದಿನದ ಮಾತ್ರೆ ಮುಗಿದು ಪರೀಕ್ಷೆ ನೆಗೆಟಿವ್ ಇದ್ದರೆ ಬಿಡುವು ಕೊಡದೆ ಮರುದಿನವೇ ಪ್ರೆಪ್‌ಗೆ ದಾಟಬಹುದು.

ನನ್ನ ಗೆಳೆಯ ಶನಿವಾರ ಭಾನುವಾರ ಮಾತ್ರ ತಗೊಳ್ತಾನೆ. ಅದು ಸರಿಯಾ?

ದಿನವೂ ನುಂಗದೆ ಸಂಪರ್ಕದ ಸಮಯಕ್ಕೆ ಮಾತ್ರ ನುಂಗುವುದು ಸರಿ, ಆದರೆ ಗಂಡಾಗಿ ಹುಟ್ಟಿದವರಿಗೆ ಮಾತ್ರ, ಅದೂ ಗಡಿಯಾರ ನೋಡಿ ನುಂಗಿದರೆ ಮಾತ್ರ. ಇದಕ್ಕೆ ಎರಡು–ಒಂದು–ಒಂದು ಎನ್ನುತ್ತಾರೆ. ಸಂಪರ್ಕಕ್ಕೆ 2ರಿಂದ 24 ಗಂಟೆ ಮೊದಲು ಎರಡು ಮಾತ್ರೆ ಒಟ್ಟಿಗೆ, ಅದಾಗಿ 24 ಗಂಟೆಗೆ ಒಂದು, 48 ಗಂಟೆಗೆ ಇನ್ನೊಂದು. ಶನಿವಾರ ಸಂಜೆ 6ಕ್ಕೆ ಎರಡು ನುಂಗಿ ರಾತ್ರಿ 10ಕ್ಕೆ ಸಂಪರ್ಕವಾದರೆ ಭಾನುವಾರ ಸಂಜೆ 6ಕ್ಕೆ ಒಂದು, ಸೋಮವಾರ ಸಂಜೆ 6ಕ್ಕೆ ಒಂದು. ಭಾನುವಾರ ರಾತ್ರಿಯೂ ಸಂಪರ್ಕವಾಯಿತೇ? ಹಾಗಾದರೆ ಮಂಗಳವಾರ ಸಂಜೆಯೂ ಒಂದು. ಕೊನೆಯ ಸಂಪರ್ಕದ ನಂತರ ಎರಡು ದಿನದ ಮಾತ್ರೆ ಹೊಟ್ಟೆಗೆ ಬೀಳಲೇಬೇಕು. ಫ್ರಾನ್ಸ್ ಮತ್ತು ಕೆನಡಾದಲ್ಲಿ ಇದರ ಪರೀಕ್ಷೆ ನಡೆದಾಗ ಸೋಂಕು 86 ಶೇಕಡ ಇಳಿಯಿತು.

ತಪ್ಪುವುದು ಹೆಚ್ಚಾಗಿ ಸೋಮವಾರ. ಖುಷಿ ಮುಗಿದಿರುತ್ತದೆ, ಆಫೀಸಿನ ಗಡಿಬಿಡಿಯಲ್ಲಿ ಕೊನೆಯ ಮಾತ್ರೆ ಮರೆತುಹೋಗುತ್ತದೆ. ಇನ್ನೊಂದು ತಪ್ಪು, ಸಂಪರ್ಕಕ್ಕೆ ಅರ್ಧ ಗಂಟೆ ಮೊದಲು ನುಂಗುವುದು. ಔಷಧ ಅಂಗಾಂಶಕ್ಕೆ ಇಳಿಯಲು ಎರಡು ಗಂಟೆಯಾದರೂ ಬೇಕು. ಎರಡು ಗಂಟೆ ಮೊದಲು ತಿಳಿಯದ, ವಾರಕ್ಕೆ ಎರಡು ಮೂರು ಸಲ ಸಂಪರ್ಕ ಇರುವ ಯುವಕರಿಗೆ ದಿನದ ಮಾತ್ರೆಯೇ ಸುಲಭ ಎಂಬುದು ನಮ್ಮ ಅಭಿಪ್ರಾಯ. ಹೆಂಗಸರಿಗೆ, ಈಸ್ಟ್ರೋಜನ್ ಹಾರ್ಮೋನ್ ತೆಗೆದುಕೊಳ್ಳುವ ಟ್ರಾನ್ಸ್ ಮಹಿಳೆಯರಿಗೆ, ಹೆಪಟೈಟಿಸ್ ಬಿ ಇರುವವರಿಗೆ ಈ ವಿಧಾನ ಸಲ್ಲದು. ದಿನವೂ ತೆಗೆದುಕೊಳ್ಳುವ ಪ್ರೆಪ್ ಮಾತ್ರ.

ನನಗೆ 24. ಮದುವೆಯಾಗಿ ಒಂದು ವರ್ಷ. ಲಾರಿ ಓಡಿಸುವ ನನ್ನ ಯಜಮಾನರಿಗೆ ಎಚ್‌ಐವಿ ಇದೆ ಅಂತ ಗೊತ್ತಾಗಿ ಮೂರು ತಿಂಗಳಿಂದ ಎಆರ್‌ಟಿ ಮಾತ್ರೆ ತಗೊಳ್ತಿದ್ದಾರೆ. ನನಗೆ ನೆಗೆಟಿವ್ ಬಂದಿದೆ. ಮಗು ಬೇಕು ಅನ್ನಿಸುತ್ತದೆ. ನಾನೇನು ಮಾಡಲಿ? (ವಿಜಯಪುರ)

ತಂಗಿ, ಮಗುವಿನ ಆಸೆ ಬಿಡಬೇಕಾಗಿಲ್ಲ, ಸ್ವಲ್ಪ ಕಾಯಬೇಕು. ನಿಮ್ಮ ಯಜಮಾನರು ಮಾತ್ರೆ ತಪ್ಪಿಸದಿದ್ದರೆ ಅವರ ರಕ್ತದಲ್ಲಿ ವೈರಸ್ ಇಳಿಯುತ್ತಾ ಹೋಗಿ, ಎಣಿಕೆಗೇ ಸಿಗದಷ್ಟಾಗುತ್ತದೆ. ಆ ಮಟ್ಟ ತಲುಪಿ ಅಲ್ಲೇ ನಿಂತವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಆದರೆ ಅದು ಮೂರು ತಿಂಗಳಿಗೆ ಆಗಿದೆ ಎಂದು ಊಹಿಸುವಂತಿಲ್ಲ. ಎಆರ್‌ಟಿ ಕೇಂದ್ರದಲ್ಲಿ 6 ತಿಂಗಳಿಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಪರೀಕ್ಷೆ ಮಾಡುತ್ತಾರೆ. ಆ ಕಾಗದದಲ್ಲಿ ಏನಿದೆ ಎಂದು ಇಬ್ಬರೂ ಕೂತು ಕೇಳಿ ತಿಳಿದುಕೊಳ್ಳಿ.

ಅಲ್ಲಿಯವರೆಗಿನ ಸೇತುವೆಯಾಗಿ ನಿಮಗೆ ಪ್ರೆಪ್ ಸರಿಹೊಂದುತ್ತದೆ. ದಿನಕ್ಕೊಂದು, ತಪ್ಪದೆ. ಯೋನಿಯ ಅಂಗಾಂಶದಲ್ಲಿ ಈ ಔಷಧ ನಿಧಾನವಾಗಿ ಶೇಖರವಾಗುತ್ತದೆ, ಪೂರ್ತಿ ರಕ್ಷಣೆಗೆ ಸುಮಾರು 21 ದಿನ ಬೇಕು. ಗುದದ ಅಂಗಾಂಶದಲ್ಲಿ 7 ದಿನಕ್ಕೇ ಸಿಗುತ್ತದೆ, ಅದಕ್ಕೇ ಗಂಡಸರಿಗೆ ಹೇಳುವ ಲೆಕ್ಕ ಬೇರೆ. ಅವರು ವಾರಕ್ಕೆ ನಾಲ್ಕು ನುಂಗಿದರೂ ಸಾಕಷ್ಟು ರಕ್ಷಣೆ ಉಳಿಯುತ್ತದೆ. ನೀವು ಏಳರಲ್ಲಿ ಆರಾದರೂ ನುಂಗಲೇಬೇಕು. 21 ದಿನದವರೆಗೆ ಕಾಂಡೋಮ್ ಖಂಡಿತ ಬೇಕು, ಆಮೇಲೂ ಅವರ ವೈರಲ್ ಲೋಡ್ ಇಳಿದ ಸುದ್ದಿ ಬರುವವರೆಗೆ ಬಿಡದಿರುವುದು ಜಾಣತನ. ನಿಲ್ಲಿಸುವಾಗಲೂ ಥಟ್ಟನೆ ನಿಲ್ಲಿಸಬೇಡಿ, ಕೊನೆಯ ಅಪಾಯದ ಸಂಪರ್ಕದ ನಂತರ 28 ದಿನ ಮುಂದುವರಿಸಿ.

ಗರ್ಭ ನಿಂತ ಮೇಲೆ, ಹಾಲೂಡಿಸುವಾಗ ಈ ಮಾತ್ರೆ ತೆಗೆದುಕೊಳ್ಳಬಹುದು, ಮಗುವಿಗೆ ತೊಂದರೆಯಿಲ್ಲ. ಬಸುರಿಯಾಗಿದ್ದಾಗ ಹೊಸದಾಗಿ ಸೋಂಕು ತಗಲುವುದೇ ದೊಡ್ಡ ಅಪಾಯ, ಆಗ ವೈರಸ್ ಬಹಳ ಹೆಚ್ಚಿದ್ದು ಮಗುವಿಗೂ ದಾಟುತ್ತದೆ. ಅವರ ಡಬ್ಬಿಯ ಮಾತ್ರೆ ನಿಮ್ಮದಲ್ಲ. ಎರಡು ಡಬ್ಬಿಯನ್ನು ಬೇರೆ ಬೇರೆ ಕಡೆ ಇಡಿ.

ದಿನಾ ಜಿಮ್‌ಗೆ ಹೋಗ್ತೀನಿ. ಪ್ರೆಪ್ ಶುರುವಾಗಿ ಮೂರು ತಿಂಗಳಿಗೆ ಕ್ರಿಯಾಟಿನಿನ್ 1.4 ಬಂತು. ಕಿಡ್ನಿ ಹೋಯ್ತಾ?

ಮೊದಲು ಜಿಮ್ ಬ್ಯಾಗ್ ನೋಡಿ. ಕ್ರಿಯಾಟಿನ್ ಪುಡಿ ಕುಡಿಯುತ್ತಿದ್ದರೆ ಕಿಡ್ನಿ ಸರಿಯಿದ್ದರೂ ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತದೆ. ದಪ್ಪ ಸ್ನಾಯು, ಹಿಂದಿನ ದಿನದ ಭಾರಿ ವ್ಯಾಯಾಮ, ರಾತ್ರಿಯ ಬಾಡೂಟ, ನೀರು ಕಡಿಮೆ ಕುಡಿದದ್ದು ಇವೆಲ್ಲವೂ ಏರಿಸುತ್ತವೆ. ವೈದ್ಯರಿಗೆ ಹೇಳಿ, ಪುಡಿ ನಿಲ್ಲಿಸಿ, ಒಂದೆರಡು ವಾರದ ನಂತರ ಹಿಂದಿನ ದಿನ ವ್ಯಾಯಾಮ ಮಾಡದೆ ಮತ್ತೆ ಪರೀಕ್ಷಿಸಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ನೋಡಿಸಿ. ಆಗಲೂ ಲೆಕ್ಕ 60ಕ್ಕಿಂತ ಕೆಳಗೆ ಬಂದರೆ ಮಾತ್ರೆ ನಿಲ್ಲಿಸುತ್ತಾರೆ, ಹೆಚ್ಚಿನವರಲ್ಲಿ ನಿಲ್ಲಿಸಿದ ಮೇಲೆ ಸರಿಹೋಗುತ್ತದೆ. ಮೈಕೈ ನೋವಿಗೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ದಿನಗಟ್ಟಲೆ ನುಂಗುವ ಅಭ್ಯಾಸ ಇದ್ದರೆ ಬಿಡಿ. ಟೆನೋಫೋವಿರ್ ಜೊತೆ ಅವು ಸೇರಿದಾಗ ಕಿಡ್ನಿಗೆ ನಿಜವಾದ ಪೆಟ್ಟು.

ಮದ್ಯ ಕುಡಿದ ದಿನ ಮಾತ್ರೆ ಬಿಡಬೇಕಾ?

ಬೇಡ. ಮದ್ಯಕ್ಕೂ ಈ ಮಾತ್ರೆಗೂ ಜಗಳವಿಲ್ಲ. ಕುಡಿದಾಗ ಮಾತ್ರೆಯೂ ಕಾಂಡೋಮೂ ಮರೆಯುತ್ತವೆ, ಹಾಗಾಗಿ ಅಂಥ ದಿನ ಬೆಳಗ್ಗೆಯೇ ನುಂಗಿ.

ಪಿಜಿಯಲ್ಲಿ ಮೂವರು ಒಂದೇ ರೂಮ್. ಡಬ್ಬಿ ಅಲ್ಲಾಡಿದರೆ ಸದ್ದು, ಮೇಲೆ ಹೆಸರು. ಹೆಸರು ಗೂಗಲ್ ಮಾಡಿದರೆ ಎಚ್‌ಐವಿ ಅಂತಲೇ ಬರುತ್ತೆ. ಅದಕ್ಕೇ ತಿಂಗಳಲ್ಲಿ ಹತ್ತು ದಿನ ತಪ್ಪಿಹೋಗ್ತಿದೆ.

ಯುವಜನರು ಪ್ರೆಪ್ ಅರ್ಧಕ್ಕೆ ಬಿಡುವುದಕ್ಕೆ ಇಂಥ ಸಣ್ಣ ಕಾರಣಗಳೇ ದೊಡ್ಡ ಕಾರಣ. 30 ಮಾತ್ರೆಯ ಡಬ್ಬಿಯಲ್ಲಿ ತೇವ ಹೀರುವ ಪುಟ್ಟ ಚೀಲ ಇರುತ್ತದೆ, ಅದನ್ನು ಎಸೆಯಬೇಡಿ. ಮೇಲೆ ಸ್ವಚ್ಛ ಹತ್ತಿ ತುರುಕಿದರೆ ಸದ್ದು ನಿಲ್ಲುತ್ತದೆ. ದೊಡ್ಡ ಡಬ್ಬಿ ಬೀಗದ ಪೆಟ್ಟಿಗೆಯಲ್ಲಿರಲಿ, ಏಳು ಖಾನೆಯ ವಾರದ ಡಬ್ಬಿಗೆ ಏಳೇ ಮಾತ್ರೆ ಹಾಕಿ ಹೊರಗಿಡಿ. ಅದರಲ್ಲಿ ವಿಟಮಿನ್ ಮಾತ್ರೆಯೂ ಇದ್ದರೆ ಯಾರೂ ಕೇಳುವುದಿಲ್ಲ. ಬಚ್ಚಲು ಮನೆಯಲ್ಲಿ, ಬಿಸಿಲಿನ ಕಿಟಕಿಯಲ್ಲಿ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ, 30 ಡಿಗ್ರಿ ಒಳಗೆ ಇರಬೇಕು.

ಊಟಕ್ಕೆ ಮೊದಲೋ ಆಮೇಲೋ ಎಂಬ ನಿಯಮವಿಲ್ಲ. ಹಲ್ಲುಜ್ಜುವುದು, ಕಾಫಿ, ಆಫೀಸ್ ಕ್ಯಾಬ್, ಹೀಗೆ ದಿನವೂ ತಪ್ಪದ ಒಂದು ಕೆಲಸಕ್ಕೆ ಗಂಟು ಹಾಕಿ. ಮೊಬೈಲ್ ಅಲಾರಂಗೆ ‘ನೀರು ಕುಡಿ’ ಎಂದು ಹೆಸರಿಡಿ. ಮರೆತರೆ ನೆನಪಾದ ಕ್ಷಣ ನುಂಗಿ, ಮರುದಿನ ಎರಡು ನುಂಗಿ ಸರಿದೂಗಿಸಬೇಡಿ. ಒಂದು ವಾರಕ್ಕಿಂತ ಹೆಚ್ಚು ಬಿಟ್ಟುಹೋಗಿ ನಡುವೆ ಸಂಪರ್ಕ ಆಗಿದ್ದರೆ ಪರೀಕ್ಷೆ ಮಾಡಿಸಿಯೇ ಮತ್ತೆ ಶುರು. ಮೊದಲ ತಿಂಗಳಲ್ಲಿ ಕೆಲವರಿಗೆ ವಾಕರಿಕೆ, ತಲೆನೋವು, ಹೊಟ್ಟೆ ಉಬ್ಬರ, ಬೇಧಿ ಬರುವುದುಂಟು. ರಾತ್ರಿ ಊಟದ ಮೇಲೆ ನುಂಗಿದರೆ ಹಗುರಾಗುತ್ತದೆ, ಸಾಮಾನ್ಯವಾಗಿ ತಿಂಗಳೊಳಗೆ ಹೋಗಿಬಿಡುತ್ತದೆ.

ನಾನು ಸಮುದಾಯ ಸಂಸ್ಥೆಯೊಂದರಲ್ಲಿ ಪಿಯರ್ ಎಜುಕೇಟರ್, ನಮ್ಮವರಿಗೆ ತಿಳಿಹೇಳುವ ಕೆಲಸ. ಹೇಳಿದಾಗ ಹುಡುಗ ಹುಡುಗಿಯರು ತಲೆಯಾಡಿಸ್ತಾರೆ, ತಿಂಗಳ ಮೇಲೆ ಒಬ್ಬರೂ ತಗೊಳ್ತಿರಲ್ಲ. ಎಲ್ಲಿ ತಪ್ಪುತ್ತಿದ್ದೇವೆ? (ಕಲಬುರಗಿ)

ಈ ಪ್ರಶ್ನೆಗೆ ಎರಡು ಹಳೆಯ ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಆಫ್ರಿಕದ ಮೂರು ದೇಶಗಳಲ್ಲಿ 5000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ವಾಯ್ಸ್ ಎಂಬ ಪ್ರಯೋಗದ ಫಲಿತಾಂಶ 2013ರಲ್ಲಿ ಹೊರಬಂದಾಗ ಮಾತ್ರೆಯಿಂದ ಏನೂ ಪ್ರಯೋಜನ ಕಾಣಲಿಲ್ಲ. ‘ತಪ್ಪದೆ ನುಂಗುತ್ತೇವೆ’ ಎಂದು ಹೆಚ್ಚಿನವರು ಹೇಳಿದ್ದರು. ರಕ್ತ ನೋಡಿದರೆ ಮೂರನೇ ಒಂದು ಭಾಗದಷ್ಟು ಮಾದರಿಯಲ್ಲೂ ಔಷಧ ಇರಲಿಲ್ಲ. ಔಷಧ ಸೋತಿರಲಿಲ್ಲ, ಹೊಟ್ಟೆಗೇ ಬಿದ್ದಿರಲಿಲ್ಲ. ಮೈಸೂರು, ಮಂಡ್ಯದಲ್ಲಿ ಲೈಂಗಿಕ ಕಾರ್ಯಕರ್ತರದೇ ಸಂಘಟನೆಯಾದ ಆಶೋದಯ ಸಮಿತಿ ಪ್ರೆಪ್ ಕೊಟ್ಟಾಗ 600ಕ್ಕೂ ಹೆಚ್ಚು ಮಂದಿ ಸೇರಿ, ಬಹುತೇಕ ಎಲ್ಲರೂ ಕೊನೆಯವರೆಗೆ ಉಳಿದರು. ಒಬ್ಬರಿಗೂ ಸೋಂಕು ತಗಲಲಿಲ್ಲ. ಎರಡೂ ಕಡೆ ಕೊಟ್ಟದ್ದು ಟೆನೋಫೋವಿರ್ ಮಾತ್ರೆಯೇ. ಮೈಸೂರಿನಲ್ಲಿ ಮಾತ್ರೆಗೆ ಮೊದಲು ಸಮುದಾಯದೊಳಗೆ ಮಾತುಕತೆ ನಡೆದಿತ್ತು, ಗಾಳಿಸುದ್ದಿಗಳಿಗೆ ಅವರವರೇ ಉತ್ತರ ಕೊಟ್ಟಿದ್ದರು.

ಆದ್ದರಿಂದ ಕರಪತ್ರ ಹಂಚುವುದಕ್ಕಿಂತ ಮೊದಲ 30 ದಿನ ಮುಖ್ಯ. ಮೂರನೇ ದಿನ ವಾಕರಿಕೆ ಇದೆಯಾ ಎಂದು ಫೋನ್ ಮಾಡಿ. ಹತ್ತನೇ ದಿನ ಎಲ್ಲಿ ಬಚ್ಚಿಟ್ಟಿದ್ದೀರಿ, ಮನೆಯಲ್ಲಿ ಯಾರಾದರೂ ನೋಡಿದರೆ ಏನು ಹೇಳುತ್ತೀರಿ ಎಂದು ಕೇಳಿ, ಉತ್ತರವನ್ನು ಜೊತೆಗೇ ರೂಪಿಸಿ. 25ನೇ ದಿನ ಮುಂದಿನ ಡಬ್ಬಿ ಮತ್ತು ಪರೀಕ್ಷೆಗೆ ಕರೆಯಿರಿ. ‘ದಿನಾ ತಗೊಳ್ತೀರಾ?’ ಎಂದರೆ ಹೂಂ ಎನ್ನುತ್ತಾರೆ. ‘ಈ ವಾರ ಎಷ್ಟು ತಪ್ಪಿತು?’ ಎಂದು ಕೇಳಿ, ನಿಜ ಬರುತ್ತದೆ. ‘ರಿಸ್ಕ್ ಗ್ರೂಪ್’ ಎಂಬ ಮಾತನ್ನು ಅವರ ಎದುರು ಆಡಲೇಬೇಡಿ, ಯಾರೂ ತಮ್ಮನ್ನು ಹಾಗೆ ಎಣಿಸಿಕೊಂಡಿರುವುದಿಲ್ಲ. ಮಾತ್ರೆ ಬೇಡ ಎಂದವರನ್ನು ಬಯ್ಯದೆ ಕಾಂಡೋಮ್ ಕೊಟ್ಟು ಕಳಿಸಿ, ಮುಂದೊಂದು ದಿನ ಬರುತ್ತಾರೆ. ಸಂಗಾತಿ ಬದಲಾದಾಗ, ಊರು ಬಿಟ್ಟಾಗ ಪ್ರೆಪ್ ನಿಲ್ಲಿಸುವುದು, ಮತ್ತೆ ಶುರು ಮಾಡುವುದು ತಪ್ಪಲ್ಲ. ಹೇಗೆ ನಿಲ್ಲಿಸಬೇಕು ಎಂದು ಮೊದಲ ದಿನವೇ ಹೇಳಿಕೊಟ್ಟಿರಬೇಕು ಅಷ್ಟೆ.

ಎಲ್ಲಿ ಕೇಳಬೇಕು? ಪರೀಕ್ಷೆ ಮಾಡಿಸಿದರೆ ಮನೆಗೆ, ಕೆಲಸದ ಕಡೆಗೆ ತಿಳಿಸುತ್ತಾರಾ?

ನ್ಯಾಕೋದ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಿ ಹತ್ತಿರದ ಐಸಿಟಿಸಿ, ಗುಹ್ಯರೋಗಗಳಿಗೆ ಸುರಕ್ಷಾ ಕ್ಲಿನಿಕ್, ಎಆರ್‌ಟಿ ಕೇಂದ್ರ ಎಲ್ಲಿವೆ ಎಂದು ಕೇಳಿ. ಪರೀಕ್ಷೆ, ಆಪ್ತಸಮಾಲೋಚನೆ, ಕಾಂಡೋಮ್ ಉಚಿತ. ಪ್ರೆಪ್ ಮಾತ್ರೆ ಮಾತ್ರ ಎಆರ್‌ಟಿಯಂತೆ ಎಲ್ಲ ಸರ್ಕಾರಿ ಕೇಂದ್ರಗಳಲ್ಲಿ ಸಿಗುವುದಿಲ್ಲ, ಬಹುತೇಕರು ಚೀಟಿ ಹಿಡಿದು ಕೊಳ್ಳಬೇಕಾಗಿದೆ. ಇದು ಬದಲಾಗಲೇಬೇಕು, ಅತಿ ಹೆಚ್ಚು ಅಗತ್ಯ ಇರುವವರ ಕೈಯಲ್ಲೇ ಹಣ ಅತಿ ಕಡಿಮೆ. ಸಮುದಾಯ ಸಂಸ್ಥೆಗಳಲ್ಲಿ ವಿಚಾರಿಸಿದರೆ ಕಡಿಮೆ ಬೆಲೆಯ ದಾರಿ ಗೊತ್ತಿರುತ್ತದೆ.

ಗೌಪ್ಯತೆಗೆ ಕಾನೂನಿದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಹೊರಗೆ ಹೇಳುವಂತಿಲ್ಲ, ಕೆಲಸಕ್ಕೆ ಸೇರಿಸಿಕೊಳ್ಳಲು ಎಚ್‌ಐವಿ ಪರೀಕ್ಷೆ ಕಡ್ಡಾಯ ಮಾಡುವಂತಿಲ್ಲ. ಚೀಟಿಯ ಮೇಲೆ ‘ಪ್ರೆಪ್‌ಗಾಗಿ, ಎಚ್‌ಐವಿ ನೆಗೆಟಿವ್’ ಎಂದು ಬರೆಸಿಕೊಳ್ಳಿ. ಬೇರೆ ವೈದ್ಯರು ಆ ಮಾತ್ರೆ ನೋಡಿದಾಗ ನಿಮ್ಮನ್ನು ಸೋಂಕಿತರೆಂದು ತಿಳಿಯುವುದು ತಪ್ಪುತ್ತದೆ.

ಆರು ತಿಂಗಳಿಗೊಂದೇ ಇಂಜೆಕ್ಷನ್ ಬಂದಿದೆಯಂತೆ, ನಿಜವಾ?

ನಿಜ. ಹೆಸರು ಲೆನಾಕಾಪಾವಿರ್. ಹೊಟ್ಟೆಯ ಚರ್ಮದಡಿ ಚುಚ್ಚುತ್ತಾರೆ, ಶುರುವಿನ ಎರಡು ದಿನ ಮಾತ್ರೆಯನ್ನೂ ಕೊಡುತ್ತಾರೆ. ದಕ್ಷಿಣ ಆಫ್ರಿಕ ಮತ್ತು ಉಗಾಂಡಾದಲ್ಲಿ ಇದನ್ನು ಪಡೆದ 2134 ಯುವತಿಯರಲ್ಲಿ ಒಬ್ಬರಿಗೂ ಎಚ್‌ಐವಿ ತಗಲಲಿಲ್ಲ ಎಂದು 2024ರಲ್ಲಿ ಪ್ರಕಟವಾಯಿತು. 2025ರ ಜೂನ್‌ನಲ್ಲಿ ಅಮೆರಿಕ ಅನುಮತಿ ನೀಡಿತು, ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಇದನ್ನು ತಯಾರಿಸಲು ಪರವಾನಗಿ ಪಡೆದವರಲ್ಲಿ ಭಾರತದ ಕಂಪನಿಗಳೂ ಇವೆ. ಎರಡು ತಿಂಗಳಿಗೊಮ್ಮೆ ಪೃಷ್ಠಕ್ಕೆ ಕೊಡುವ ಕ್ಯಾಬೊಟೆಗ್ರಾವಿರ್ ಇಂಜೆಕ್ಷನ್‌ಗೆ ಅಮೆರಿಕ 2021ರಲ್ಲೇ ಅನುಮತಿ ಕೊಟ್ಟಿದೆ. ಡಬ್ಬಿ ಬಚ್ಚಿಡಲಾಗದ ಪಿಜಿಯ ಹುಡುಗರಿಗೆ, ಅತ್ತೆಮನೆಯ ಸೊಸೆಯಂದಿರಿಗೆ ಇಂಜೆಕ್ಷನ್ ದೊಡ್ಡ ಅನುಕೂಲ. ಆದರೆ ಅದಕ್ಕಾಗಿ ಕಾಯುತ್ತಾ ಇವತ್ತಿನ ಮಾತ್ರೆ ಬಿಡಬೇಡಿ. ಇಂಜೆಕ್ಷನ್ ಬಂದಮೇಲೂ ಮೊದಲ ಹೆಜ್ಜೆ ಐಸಿಟಿಸಿಯ ಅದೇ ಎಚ್‌ಐವಿ ಪರೀಕ್ಷೆ.